ಬಟ್ಟೆಗೆ ಬಡ್ತಿ

ನಮ್ಮ ಮನೆಗಳಲ್ಲಿ ಬಟ್ಟೆಯ ಬಾಳೆಂದರೆ ಇಳಿಜಾರು. ಟ್ರಂಕಿನಲ್ಲಿದ್ದ ಸೀರೆ ನಿತ್ಯದ ಉಡುಗೆಯಾಗುತ್ತದೆ, ಆಮೇಲೆ ಹೊದಿಕೆ, ಆಮೇಲೆ ತೊಟ್ಟಿಲ ಬಟ್ಟೆ, ಕೊನೆಗೆ ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆ. ಅಲ್ಲಿಂದಾಚೆಗೆ ಸೈಕಲ್ ಒರೆಸುವುದೊಂದೇ ಗತಿ. ಉತ್ತರ ಕರ್ನಾಟಕದ ಕೌದಿ ಹೊಲಿಯುವ ಅಜ್ಜಿಯರು ಈ ಇಳಿಕೆಯನ್ನು ನಡುದಾರಿಯಲ್ಲಿ ತಡೆದರೇ ಹೊರತು ಹಿಂದಕ್ಕೆ ತಿರುಗಿಸಲಿಲ್ಲ. ತಿರುಗಿಸಿದ ಕೀರ್ತಿ ಕುಶನ್ ಕವರಮ್ಮನದು. ಬಡಾವಣೆಗೊಬ್ಬರಾದರೂ ಇರುವ ಈಕೆ ಅಡುಗೆಮನೆಗೆಂದು ಕೊಂಡ ಚೌಕಳಿ ನ್ಯಾಪ್‌ಕಿನ್ನಿಗೆ ಒಂದು ಲೋಟವನ್ನೂ ಮುಟ್ಟಗೊಡುವುದಿಲ್ಲ. ಅದಕ್ಕೆ ನೇರ ಬಡ್ತಿ ಕೊಟ್ಟು ಪಡಸಾಲೆಯ ಸೋಫಾಕ್ಕೆ ಕಳಿಸಿಬಿಡುತ್ತಾಳೆ.

ಇದು ಜಿಪುಣತನ ಎನ್ನುವವರಿದ್ದಾರೆ. ಲೆಕ್ಕ ಅವರ ಪರವಾಗಿಲ್ಲ. 16 ಇಂಚಿನ ಕುಶನ್ನಿಗೆ ಜಿಪ್ ಇಲ್ಲದ, ಬೆನ್ನಲ್ಲಿ ಒಂದು ಅಂಚು ಇನ್ನೊಂದರ ಮೇಲೆ ಕೂರುವ ಕವರು ಬೇಕೆಂದರೆ ಸುತ್ತಿಬರಲು 32 ಇಂಚು, ಮೇಲೆ ಕೂರಲು ನಾಲ್ಕೈದು, ಅಂಚು ಮಡಚಲು ಇನ್ನಷ್ಟು: ಅಂತೂ 40ರ ಹತ್ತಿರ. 28 ಇಂಚಿನ ನ್ಯಾಪ್‌ಕಿನ್ ಒಂದರಿಂದ ಇದು ಸಾಗದು. ಎರಡನ್ನು ಬಲಿಕೊಟ್ಟರೆ ಒಂದು ಕವರಾಗಿ, ಮೊಳಕ್ಕೆ ಒಂಚೂರು ಕಡಿಮೆ ತುಂಡು ಉಳಿಯುತ್ತದೆ. ಉಳಿದದ್ದು ಫ್ರಿಜ್ಜಿನ ಹಿಡಿಗೆ ಅಂಗಿಯಾಗುತ್ತದೆ, ಮತ್ತೂ ಉಳಿದದ್ದು ಟಿವಿ ರಿಮೋಟಿಗೆ. ದಾರ, ಸೂಜಿ, ಮಿಷನ್ನಿನ ಎಣ್ಣೆ, ರಿಪೇರಿಯವನ ಕೂಲಿ ಎಲ್ಲ ಕೂಡಿಸಿ ನೋಡಿ. ಸಂತೆಬೀದಿಯ ರೆಡಿಮೇಡ್ ಕವರೇ ಅಗ್ಗ. ಜಿಪುಣರು ಇಂಥ ವ್ಯಾಪಾರಕ್ಕೆ ಇಳಿಯುವುದಿಲ್ಲ. ಈಕೆಯನ್ನು ಆಡಿಸುವುದು ದುಡ್ಡಿನ ಆಸೆಯಲ್ಲ, ಚೆಂದದ ಬಟ್ಟೆ ಸಿಂಕಿನ ಪಕ್ಕ ಕೊಳೆಯಬಾರದೆಂಬ ನ್ಯಾಯಪ್ರಜ್ಞೆ. ಹೊಸ ಹತ್ತಿ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಆದ್ದರಿಂದ ನೆನೆಸಿ ಒಣಗಿಸಿಯೇ ಕತ್ತರಿ ಹಾಕಬೇಕು ಎಂಬ ನಿಯಮ ಮಾತ್ರ ಆ ಉತ್ಸಾಹದಲ್ಲಿ ಮರೆತುಹೋಗುತ್ತದೆ. ದೀಪಾವಳಿಯ ಒಗೆತ ಮುಗಿದ ಮೇಲೆ ಕುಶನ್ನು ಹೋದ ವರ್ಷದ ಯೂನಿಫಾರ್ಮು ತೊಟ್ಟ ಹುಡುಗನ ಹಾಗೆ ಉಸಿರು ಬಿಗಿಹಿಡಿದು ಕೂತಿರುತ್ತದೆ.

ಯಂತ್ರ ತುಳಿದು ಹೊತ್ತು ಕಳೆಯುವುದೇ ದಂಡ ಎಂಬ ಆಕ್ಷೇಪಕ್ಕೆ ಆಕೆಯ ಪರವಾಗಿ ದೊಡ್ಡ ಸಾಕ್ಷಿಯೇ ಇದೆ. 1924ರಲ್ಲಿ ಯಂತ್ರಗಳ ಹುಚ್ಚನ್ನು ಟೀಕಿಸುತ್ತಿದ್ದ ಗಾಂಧೀಜಿ ಸಿಂಗರ್ ಹೊಲಿಗೆಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ರಿಮೋಟಿನ ಅಂಗಿಗೂ ಅದು ಅನ್ವಯಿಸುತ್ತದೆಯೇ ಎಂದು ಕೇಳುವ ಅವಕಾಶ ಯಾರಿಗೂ ಸಿಗಲಿಲ್ಲ.

ನಿಜವಾದ ತಕರಾರು ಬೇರೆ ಕಡೆ ಇದೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಹಳೆ ಬಟ್ಟೆಯ ತುಂಡುಗಳಿಂದ ಕವಂದಿ ಹೊಲಿಯುತ್ತಾರೆ. ಅಂಚಿನಿಂದ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಅದರ ಅಂದ ಕಣ್ಣಿಗೆ ಕಂಡರೂ ಪರೀಕ್ಷೆ ನಡೆಯುವುದು ರಾತ್ರಿಯ ಚಳಿಯಲ್ಲಿ, ಮಕ್ಕಳ ಮೈಮೇಲೆ. ಕವರಮ್ಮನ ಕುಶನ್ನಿಗೆ ಇಂಥ ಪರೀಕ್ಷೆಯೇ ಇಲ್ಲ. ಬಡ್ತಿ ಸಿಕ್ಕ ಮೇಲೆ ಕೆಲಸ ಮಾಡುವ ಪದ್ಧತಿ ನಮ್ಮಲ್ಲಿ ಎಲ್ಲಿದೆ? ಒರಗಿದರೆ ಸುಕ್ಕು, ತಲೆಯಿಟ್ಟರೆ ಎಣ್ಣೆ, ಮಡಿಲಲ್ಲಿಟ್ಟುಕೊಂಡರೆ ಅಶಿಸ್ತು. ಬಂದವರು ಸೋಫಾದ ಅಂಚಿನಲ್ಲಿ ಕೂತು, ಕುಶನ್ನಿಗೆ ಇಡೀ ಸೋಫಾ ಬಿಟ್ಟುಕೊಡಬೇಕು. ಆದರೆ ನೇಯ್ಗೆಗೆ ತನ್ನ ಜಾಯಮಾನ ಮರೆಯುವುದಿಲ್ಲ. ಹೀರುವುದಕ್ಕೆಂದೇ ನೇಯ್ದ ಬಟ್ಟೆ ಅದು. ಕಾಫಿಯ ಒಂದು ಹನಿ ತುಳುಕಿದರೆ ಸಾಕು, ಹಳೆಯ ನೌಕರಿಯ ನೆನಪಾಗಿ ಸರ್ರನೆ ಎಳೆದುಕೊಳ್ಳುತ್ತದೆ. ಬೋಂಡಾ ತಿಂದ ಅತಿಥಿಯ ಕೈಯೂ ತಾನಾಗಿ ಅತ್ತ ಸರಿಯುತ್ತದೆ. ಆತನನ್ನು ದೂರಿ ಫಲವಿಲ್ಲ. ಆ ಕೆಂಪು-ಬಿಳಿ ಚೌಕಳಿಗೆ ಕೈ ಒರೆಸಿಯೇ ಆತ ಬೆಳೆದಿದ್ದಾನೆ.

ಇಷ್ಟೆಲ್ಲ ಬಡ್ತಿಯಾದರೆ ಅಡುಗೆಮನೆಯಲ್ಲಿ ದುಡಿಯುವವರು ಯಾರು ಎಂದು ಕೇಳಬಹುದು. ಅದಕ್ಕೂ ಕವರಮ್ಮನಲ್ಲಿ ಉತ್ತರವಿದೆ. ಮೇಲೆ ಎಷ್ಟು ಹುದ್ದೆ ತುಂಬಿತೋ ಕೆಳಗೆ ಅಷ್ಟೇ ಖಾಲಿ, ಅದನ್ನು ತುಂಬಲು ಮನೆಯಲ್ಲೇ ಒಂದು ಸುಲಭದ ವರ್ಗವಿದೆ. ಇನ್ನೂ ಎರಡು ವರ್ಷ ಸೇವೆ ಬಾಕಿಯಿದ್ದ ಯಜಮಾನರ ಬನಿಯನ್ನುಗಳು ಒಂದು ಮುಂಜಾನೆ ಕುಕ್ಕರಿನ ಪಕ್ಕ ಹಾಜರಾಗಿರುತ್ತವೆ.