ಇದೊಂದು ಕೇಳಿಬಿಡಿ

ಎದುರಿಗೆ ಸಿಕ್ಕವರನ್ನು ‘ಏನ್ ಸಾರ್, ಚೆನ್ನಾಗಿದೀರಾ?’ ಎಂದು ಅವರು ವಿಚಾರಿಸುವುದಿಲ್ಲ. ‘ಸದ್ಯಕ್ಕೆ ಏನು ಕೇಳ್ತಾ ಇದೀರಿ?’ ಎಂದೇ ಮಾತು ಶುರು. ಹೊಸಬರು ಇದನ್ನು ಪ್ರಶ್ನೆ ಎಂದು ನಂಬಿ ಉತ್ತರ ಹುಡುಕಲು ಹೊರಡುತ್ತಾರೆ. ಪಾಪ, ಅವರು ಬಾಯಿ ತೆರೆಯುವಷ್ಟರಲ್ಲಿ ಇವರ ಜೇಬಿನಿಂದ ಫೋನು, ಚೀಲದಿಂದ ಪುಟ್ಟದೊಂದು ಬ್ಲೂಟೂತ್ ಸ್ಪೀಕರು ಹೊರಬಂದು, ‘ಅದಿರಲಿ, ಇದೊಂದು ಕೇಳಿಬಿಡಿ’ ಎನ್ನುವಲ್ಲಿಗೆ ವಿಷಯ ಮುಟ್ಟಿರುತ್ತದೆ.

ಮೈಸೂರಿನ ನಮ್ಮ ಬಡಾವಣೆಯಲ್ಲಿ ಅವರಿಗೆ ಶ್ರವಣಕುಮಾರ ಎಂದು ಹೆಸರು. ಪುರಾಣದ ಶ್ರವಣಕುಮಾರ ಹೆತ್ತವರನ್ನು ಅಡ್ಡೆಯಲ್ಲಿ ಹೊತ್ತು ತೀರ್ಥಯಾತ್ರೆ ಮಾಡಿಸಿದ. ಇವರು ಒಂದು ಹೆಗಲಿಗೆ ಸ್ಪೀಕರು, ಇನ್ನೊಂದಕ್ಕೆ ಪವರ್ ಬ್ಯಾಂಕು ನೇತುಹಾಕಿಕೊಂಡು, ಯಾತ್ರೆಗೆ ಬರುವ ಮನಸ್ಸೇ ಇಲ್ಲದವರನ್ನೂ ಹೊತ್ತೊಯ್ಯುತ್ತಾರೆ. ಬ್ಯಾಂಕಿನಲ್ಲಿ ಸಾಲದ ವಿಭಾಗ ನೋಡಿಕೊಂಡಿದ್ದು ನಿವೃತ್ತರಾದವರು. ಆಗೆಲ್ಲ ಸಾಲ ಕೇಳಲು ಬಂದವರಷ್ಟೇ ಕೈಗೆ ಸಿಗುತ್ತಿದ್ದರು. ಈಗ ಊರಿಗೆ ಊರೇ ಗಿರಾಕಿ.

ಇಂಥವರು ಇಲ್ಲದ ಊರಿಲ್ಲ, ನಿಜ. ಆದರೆ ಕೇಳಿಸುವ ಚಟ ಮೈಸೂರಿಗೆ ಹಳೆಯದು. ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮನೆಯಲ್ಲೇ ಪ್ರಸಾರಯಂತ್ರ ಇಟ್ಟುಕೊಂಡು ಊರಿಗೆಲ್ಲ ಕೇಳಿಸತೊಡಗಿದ್ದು ಇಲ್ಲೇ. ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ್ದೂ ಆ ಮನೆಯಲ್ಲೇ. ತಾವೂ ಅದೇ ಪರಂಪರೆಯವರು ಎಂದು ಶ್ರವಣಕುಮಾರರು ಆಗಾಗ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ. ಒಂದೇ ವ್ಯತ್ಯಾಸವೆಂದರೆ, ರೇಡಿಯೋಗೆ ಆರಿಸುವ ಗುಂಡಿ ಇತ್ತು.

ಕೇಳಿಸುವುದಕ್ಕೆ ಅವರದೇ ಒಂದು ವಿಧಿ ಉಂಟು. ಮೊದಲು ನಿಮ್ಮನ್ನು ಕೂರಿಸಬೇಕು, ಆಮೇಲೆ ಫ್ಯಾನು ಆರಿಸಬೇಕು. ಏಪ್ರಿಲ್ ತಿಂಗಳಾದರೂ ಸರಿಯೇ, ಫ್ಯಾನಿನ ಸದ್ದು ತಂಬೂರಿಗೆ ಅಡ್ಡ ಬರುತ್ತದಂತೆ. ಆಮೇಲೆ ಪೀಠಿಕೆ. ಅದು ಮುಗಿದು ಹಾಡು ಶುರುವಾಗಿ, ನೀವು ಇನ್ನೇನು ಕಿವಿ ಹೊಂದಿಸಿಕೊಳ್ಳುತ್ತಿದ್ದೀರಿ ಎನ್ನುವಾಗ ಟಕ್ಕೆಂದು ನಿಲ್ಲಿಸುತ್ತಾರೆ. ‘ಈಗ ಕೇಳಿದ್ರಲ್ಲ, ನಾನು ಹೇಳಿದ್ದು ಇದಲ್ಲ. ಅದು ಮುಂದೆ ಬರುತ್ತೆ.’ ಮತ್ತೆ ಹಾಡು. ‘ಈಗ ಬರುತ್ತೆ... ಇರಿ... ಈಗ... ಹಾಂ!’ ಅವರ ‘ಹಾಂ’ಕಾರದಲ್ಲಿ ಆ ಜಾಗವೇ ಮುಳುಗಿ ಹೋಗುವುದರಿಂದ ಮತ್ತೆ ಹಿಂದಕ್ಕೆ ಒಯ್ದು ಕೇಳಿಸುತ್ತಾರೆ. ಅಷ್ಟು ಹೊತ್ತೂ ಅವರ ಕಣ್ಣು ಫೋನಿನ ಮೇಲಿರುವುದಿಲ್ಲ, ನಿಮ್ಮ ಹುಬ್ಬಿನ ಮೇಲಿರುತ್ತದೆ. ಸರಿಯಾದ ಜಾಗದಲ್ಲಿ ಹುಬ್ಬು ಏರಬೇಕು. ಏರದಿದ್ದರೆ ಅದೇ ಹಾಡು ಇನ್ನೊಮ್ಮೆ. ಏರಿದರೆ ಇನ್ನೊಂದು ಹಾಡು.

ಒಳಗಿನಿಂದ ಅವರ ಮನೆಯವರು, ‘ಏನೂಂದ್ರೆ, ಅವರು ಕಾಫಿನಾದ್ರೂ ಕುಡೀಲಿ ಬಿಡಿ, ಆರಿ ತಣ್ಣಗಾಗ್ತಿದೆ’ ಎನ್ನುತ್ತಾರೆ.

‘ಕಾಫಿ ಆರಿದ್ರೆ ಮತ್ತೆ ಬಿಸಿ ಮಾಡಬಹುದು ಕಣೇ. ಈ ಗಮಕ ಹೋದ್ರೆ ಹೋಯ್ತು!’

ಹಾಡಿದವರು ತೀರಿಕೊಂಡು ಮೂವತ್ತು ವರ್ಷ ಮೇಲಾಗಿದೆ, ಗಮಕ ಫೋನಿನಲ್ಲಿ ಭದ್ರವಾಗಿದೆ. ಅದನ್ನು ನೆನಪಿಸುವ ಧೈರ್ಯ ಯಾರಿಗೂ ಇಲ್ಲ.

ಅವರ ಕ್ಯಾಲೆಂಡರಿನಲ್ಲಿ ತಿಂಗಳುಗಳಿಲ್ಲ, ಗಾಯಕರಿದ್ದಾರೆ. ಒಮ್ಮೆ ಮಲ್ಲಿಕಾರ್ಜುನ ಮನ್ಸೂರರ ಋತು ಬಂತು. ಮನ್ಸೂರರೆಂದರೆ ಗೊತ್ತಲ್ಲ, ಬೇರೆಯವರು ಮುಟ್ಟದ ಅಪರೂಪದ ರಾಗಗಳನ್ನೇ ದಿನನಿತ್ಯದ ಊಟದಂತೆ ಹಾಡಿಕೊಂಡಿದ್ದವರು. ಆ ಋತು ಮುಗಿಯುವ ಹೊತ್ತಿಗೆ ನಮ್ಮ ಬೀದಿಯ ತರಕಾರಿ ಗಾಡಿಯವನೂ ‘ಏಕ ನಿಷಾದ್ ಬಿಹಾಗಡಾ’ ಎಂಬ ಹೆಸರನ್ನು ಎಲ್ಲೂ ತಡವರಿಸದೆ ಹೇಳುತ್ತಿದ್ದ. ಅದಾದ ಮೇಲೆ ಯಕ್ಷಗಾನ. 1990ರಲ್ಲಿ ಚಿಕ್ಕ ವಯಸ್ಸಿಗೇ ತೀರಿಹೋದ ಭಾಗವತ ಕಾಳಿಂಗ ನಾವಡರ ಕಂಠಕ್ಕೆ ಮನಸೋತು, ರಾತ್ರಿ ಹನ್ನೊಂದಕ್ಕೆ ಚಂಡೆ ಸಮೇತ ಕೇಳಿಸಲು ಹೋದಾಗ ಎದುರು ಅಪಾರ್ಟ್‌ಮೆಂಟಿನ ಕಾವಲುಗಾರ ದೊಣ್ಣೆ ಹಿಡಿದು ಓಡಿ ಬಂದಿದ್ದ. ಅವನನ್ನೂ ಕೂರಿಸಿ ಕೇಳಿಸಿದರು.

ಮಧ್ಯೆ ಮೊಮ್ಮಗಳ ಕೃಪೆಯಿಂದ ಕೊರಿಯಾದ ಏಳು ಹುಡುಗರ ಬಿಟಿಎಸ್ ತಂಡ ಒಂದು ವಾರ ನಡೆಯಿತು. ಒಂದು ಹಾಡಿನಲ್ಲಿ ಎರಡು ಸಾಲಿನ ಮಟ್ಟಿಗೆ ‘ಇದು ಅಪ್ಪಟ ನಮ್ಮ ಮೋಹನ ರಾಗ ಕಣಮ್ಮಾ’ ಎಂದು ಅವರು ಕಂಡುಹಿಡಿದ ದಿನದಿಂದ ಮೊಮ್ಮಗಳು ಆ ತಂಡದ ಹಾಡು ಕೇಳುವುದನ್ನೇ ಬಿಟ್ಟಳು. ತಾತನಿಗೂ ಹಿಡಿಸಿದ್ದನ್ನು ಕಾಲೇಜಿನಲ್ಲಿ ಯಾವ ಮುಖ ಇಟ್ಟುಕೊಂಡು ಹೇಳುವುದು?

‘ಶಾಸ್ತ್ರೀಯ ಅಂದ್ರೆ ನಂಗಷ್ಟು ತಿಳಿಯಲ್ಲ ಸಾರ್’ ಎಂದು ತಪ್ಪಿಸಿಕೊಳ್ಳಲು ನೋಡುವವರಿಗೆ ಬೇರೆ ಬಲೆ ಇದೆ. ‘ರಾಜ್‌ಕುಮಾರ್ ಅಂದ್ರೆ ಇಷ್ಟ ತಾನೆ?’ ಮೈಸೂರಿನಲ್ಲಿ ನಿಂತು ಇಲ್ಲವೆನ್ನಲು ಯಾರಿಗೆ ಬಾಯಿ ಬರುತ್ತದೆ? ಕೂಡಲೇ ‘ಜೀವನ ಚೈತ್ರ’ದ ‘ನಾದಮಯ’. ಅಣ್ಣಾವ್ರಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಹಾಡು, ಹಿಂದೂಸ್ತಾನಿ ತೋಡಿ, ನಮ್ಮ ಕರ್ನಾಟಕಿಯವರು ಶುಭಪಂತುವರಾಳಿ ಅನ್ನುತ್ತಾರೆ, ಎಂಬ ವಿವರಣೆ. ಹಾಡು ಯಾರಿಗೆ ಇಷ್ಟವಾಗುವುದಿಲ್ಲ! ತಲೆದೂಗಿದಿರೋ, ‘ಅಂದ್ಮೇಲೆ ತೋಡಿ ನಿಮಗೆ ಇಷ್ಟ ಅಂತಾಯ್ತು. ಬನ್ನಿ’ ಎಂದು ಒಂದೂಕಾಲು ಗಂಟೆಯ ತೋಡಿಯನ್ನು ಬಿಚ್ಚುತ್ತಾರೆ.

ಅವರ ಸಂಗ್ರಹದಲ್ಲಿ ನಮಗೆಲ್ಲ ಮನಸಾರೆ ಮೆಚ್ಚುಗೆಯಾದ ಗಾಯಕಿ ಎಂದರೆ ಗೌಹರ್ ಜಾನ್. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಾಫೋನಿಗೆ ಹಾಡಿದಾಕೆ. ಕೊನೆಗಾಲಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರಲ್ಲಿ ನಮ್ಮ ಕೆ.ಆರ್. ಆಸ್ಪತ್ರೆಯಲ್ಲೇ ಕಣ್ಣುಮುಚ್ಚಿದಳು. ಆ ಆಸ್ಪತ್ರೆಯ ಮುಂದೆ ಹಾದಾಗಲೆಲ್ಲ ಶ್ರವಣಕುಮಾರರು ಗಾಡಿ ನಿಲ್ಲಿಸಿ ಆಕೆಯ ಒಂದು ತಟ್ಟೆಯನ್ನು ಕೇಳಿಸದೆ ಮುಂದೆ ಹೋಗುವುದಿಲ್ಲ. ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳಿ ಮುಗಿಸುತ್ತಾಳೆ. ಆ ಕಾಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದೇ ಮೂರು ಚಿಲ್ಲರೆ ನಿಮಿಷದ ಹಾಡು. ಆಕೆ ಮಹಾಗಾಯಕಿ ಎನ್ನಲು ನಮಗೆ ಬೇರೆ ಕಾರಣ ಬೇಕಾಗಿಲ್ಲ.

ಗಾಡಿಯ ಮಾತು ಬಂತಲ್ಲ, ಅವರ ಕಾರು ಹತ್ತುವುದು ಬೇರೆಯದೇ ಸಾಹಸ. ರೈಲ್ವೆ ಸ್ಟೇಷನ್ನಿಗೆ ಬಿಡುತ್ತೇನೆ ಎಂದು ನನ್ನನ್ನು ಒಮ್ಮೆ ಹತ್ತಿಸಿಕೊಂಡರು. ಒಳಗೆ ಭೀಮಸೇನ ಜೋಶಿಯವರ ಬಡಾ ಖಯಾಲು, ವಿಲಂಬಿತ ಏಕತಾಲ. ಒಂದು ಆವರ್ತನ ಸುತ್ತಿ ಸಮಕ್ಕೆ ಬರಲು ಹತ್ತಿರ ಹತ್ತಿರ ಒಂದು ನಿಮಿಷ. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು, ನಿಂತೆವು. ಹಸಿರಾಯಿತು, ಕಾರು ಅಲ್ಲಾಡಲಿಲ್ಲ. ಹಿಂದಿನ ಆಟೋದವನು ಹಾರನ್ ಒತ್ತಿದ. ಅವನ ಹಿಂದಿನ ಬಸ್ಸಿನವನು ಬಾಗಿಲು ಬಡಿದ. ಶ್ರವಣಕುಮಾರರ ಎಡಗೈ ಗೇರಿನ ಮೇಲೆ, ಬಲಗೈ ಸ್ಟೇರಿಂಗಿನ ಮೇಲೆ ಮಾತ್ರೆ ಎಣಿಸುತ್ತಿದೆ. ‘ಇರೀ ಸಾರ್, ಒಂಬತ್ತು... ಹತ್ತು... ತಬಲ ಕೇಳಿ... ಹನ್ನೊಂದು... ಹನ್ನೆರಡು... ಆಹಾ!’ ಸಮಕ್ಕೆ ಬಂದರು, ಗೇರು ಬಿತ್ತು, ಅಷ್ಟರಲ್ಲಿ ದೀಪ ಮತ್ತೆ ಕೆಂಪು. ಸಮಕ್ಕೆ ಮೊದಲೇ ಗಾಡಿ ಬಿಟ್ಟರೆ ಅದು ಗಾಯಕರಿಗೆ ಮಾಡಿದ ಅಪಚಾರವಂತೆ. ಪೊಲೀಸಿನವನು ಬಂದು ಗಾಜು ತಟ್ಟಿದ. ಇವರು ಗಾಜು ಇಳಿಸಿ ದನಿಯನ್ನು ಇನ್ನಷ್ಟು ಏರಿಸಿದರು. ರೈಲೂ ಆವತ್ತು ವಿಳಂಬಿತದಲ್ಲೇ ಇದ್ದುದರಿಂದ ನನಗೆ ಸಿಕ್ಕಿತು.

ಕಾರಿಗೆ ಸಿಗದವರಿಗೆ ವಾಟ್ಸಾಪ್ ಇದೆ. ಬೆಳಗಿನ ಐದಕ್ಕೆ ‘ಟಿಂಗ್’ ಎನ್ನುತ್ತದೆ. ‘ಭೈರವಕ್ಕೆ ಇದೇ ಹೊತ್ತು. ಎದ್ದು ಕೇಳಿ, ಮಲಗಬೇಡಿ.’ ಕೆಳಗೆ ಲಿಂಕು. ನೀಲಿ ಗೀಟು ಯಾರು ಯಾರದು ಬಿತ್ತು, ಎಷ್ಟು ಹೊತ್ತಿಗೆ ಬಿತ್ತು ಎನ್ನುವುದನ್ನೆಲ್ಲ ಬ್ಯಾಂಕಿನ ಲೆಡ್ಜರು ನೋಡುವಂತೆ ನೋಡುತ್ತಾರೆ. ಒಮ್ಮೆ ಗುಂಪಿನಲ್ಲಿರುವ ನಿವೃತ್ತ ಪೋಸ್ಟ್‌ಮಾಸ್ಟರರು ಐವತ್ತನಾಲ್ಕು ನಿಮಿಷದ ಧ್ವನಿಮುದ್ರಿಕೆಗೆ ಎರಡನೇ ನಿಮಿಷದಲ್ಲೇ ‘ಅದ್ಭುತ!’ ಎಂದು ಬರೆದು, ಕೈಮುಗಿದ ಚಿತ್ರ ಎರಡು ಹಾಕಿ ಸಿಕ್ಕಿಬಿದ್ದರು. ಸಂಜೆ ಅವರ ಮನೆಗೇ ಸ್ಪೀಕರು ಹೋಯಿತು, ಉಳಿದ ಐವತ್ತೆರಡು ನಿಮಿಷ ಕೇಳಿಸಲು.

ಆಮೇಲೆ ನಾವೆಲ್ಲ ಹುಷಾರಾದೆವು. ತಡೆದು ಉತ್ತರಿಸುವುದು ಮೊದಲ ಪಾಠ. ಎರಡನೆಯದು, ಉತ್ತರದಲ್ಲಿ ಏನನ್ನೂ ಹೇಳದಿರುವುದು. ‘ಆ ಒಂದು ಜಾಗ ಇದೆಯಲ್ಲ ಸಾರ್...’ ಎಂದು ಬರೆದು ಮೂರು ಚುಕ್ಕಿ ಇಟ್ಟರೆ ಸಾಕು. ಜಗತ್ತಿನ ಯಾವ ಸಂಗೀತದಲ್ಲೂ ಒಂದು ಜಾಗ ಇಲ್ಲದೆ ಇರುವುದಿಲ್ಲ. ಮಿಕ್ಕಿದ್ದನ್ನು ಅವರೇ ತುಂಬಿಕೊಳ್ಳುತ್ತಾರೆ: ‘ಅಂತರಾದಲ್ಲಿ ತಾನೆ? ನೀವು ಅದನ್ನ ಹಿಡೀತೀರಿ ಅಂತ ನಂಗೆ ಗೊತ್ತಿತ್ತು!’

ಹಾಗಾದರೆ ನೀವು ಮೆಚ್ಚಿದ್ದನ್ನು ಅವರಿಗೆ ಕಳಿಸಿದರೆ? ಕಳಿಸಬಹುದು. ಹತ್ತು ಸೆಕೆಂಡು ಕೇಳುತ್ತಾರೆ. ‘ಚೆನ್ನಾಗಿದೆ’ ಎನ್ನುತ್ತಾರೆ. ಆಮೇಲೆ, ‘ಇದರ ಮೂಲ ಕೇಳಿದೀರಾ?’

ಇಷ್ಟಾದರೂ ಅವರನ್ನು ಸಂಗೀತದ ಜಂಭದವರ ಸಾಲಿಗೆ ಸೇರಿಸಿದರೆ ಅನ್ಯಾಯ. ಜಂಭದವರು ಬೇರೆ ಜಾತಿ. ಅವರು ‘ಆ ಕಛೇರಿಗೆ ನಾನಿದ್ದೆ, ನಿಮಗೆಲ್ಲಿ ಸಿಗಬೇಕು’ ಎಂದು ಮುಚ್ಚಿಟ್ಟುಕೊಳ್ಳುವವರು. ಇವರು ಮುಚ್ಚಿಟ್ಟುಕೊಳ್ಳಲಾರರು. ಒಂದು ಹಾಡನ್ನು ನೂರು ಸಲ ಕೇಳಿದ ಮೇಲೆ ಅದನ್ನು ಮೊದಲ ಸಲ ಕೇಳುವ ಸುಖ ಅವರ ಖಾತೆಯಲ್ಲಿ ಉಳಿದಿರುವುದಿಲ್ಲ. ಅದು ನಮ್ಮ ಖಾತೆಯಲ್ಲಿದೆ. ಜೀವಮಾನವೆಲ್ಲ ಸಾಲ ಕೊಟ್ಟ ಮನುಷ್ಯ ಈಗ ನಮ್ಮ ಬಾಗಿಲಿಗೆ ಸಾಲ ಕೇಳಿಕೊಂಡು ಬರುತ್ತಾರೆ, ಅಷ್ಟೇ. ನಮ್ಮ ಹುಬ್ಬು ಏರಿದಾಗ ಅವರ ಮುಖ ನೋಡಬೇಕು.

ಈ ರೋಗ ಶುರುವಾದದ್ದು ಕ್ಯಾಸೆಟ್ಟಿನ ಕಾಲದಲ್ಲಿ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ‘ನಿತ್ಯೋತ್ಸವ’ ಬಂದ ಮೇಲೆ ಭಾವಗೀತೆಯ ಕ್ಯಾಸೆಟ್ಟು ಮನೆಮನೆ ಹೊಕ್ಕ ದಿನಗಳವು. ಖಾಲಿ ಕ್ಯಾಸೆಟ್ಟನ್ನೂ ಹಾಡುಗಳ ಪಟ್ಟಿಯನ್ನೂ ಕೊಟ್ಟರೆ ರೆಕಾರ್ಡಿಂಗ್ ಅಂಗಡಿಯವರು ತುಂಬಿಸಿ ಕೊಡುತ್ತಿದ್ದರು. ತೊಂಬತ್ತು ನಿಮಿಷದ ಕ್ಯಾಸೆಟ್ಟಾದರೆ ಪಕ್ಕಕ್ಕೆ ನಲವತ್ತೈದು. ಕೊನೆಯ ಹಾಡು ನಡುವೆ ತುಂಡಾಗಬಾರದು, ಟೇಪೂ ಖಾಲಿ ಉಳಿಯಬಾರದು. ಆ ಲೆಕ್ಕಾಚಾರವನ್ನು ಅವರು ಬ್ಯಾಂಕಿನ ವರ್ಷಾಂತ್ಯದ ಲೆಕ್ಕಕ್ಕಿಂತ ಶ್ರದ್ಧೆಯಿಂದ ಮಾಡುತ್ತಿದ್ದರಂತೆ. ನಿಶ್ಚಿತಾರ್ಥವಾದ ಮೇಲೆ ಹುಡುಗಿಗೆ ಸೀರೆ ಕಳಿಸುವ ಬದಲು ಅಂಥದೊಂದು ಕ್ಯಾಸೆಟ್ಟು ಕಳಿಸಿದರು. ವಾರದೊಳಗೆ ಇನ್‌ಲ್ಯಾಂಡ್ ಪತ್ರ ಬಂತು: ಎಲ್ಲ ಹಾಡೂ ತುಂಬಾ ಚೆನ್ನಾಗಿದೆ, ಅದರಲ್ಲೂ ಎರಡನೇ ಪಕ್ಕದಲ್ಲಿ ಒಂದು ಜಾಗ ಇದೆಯಲ್ಲ... ಇವರು ಕರಗಿ ನೀರಾದರು. ಆ ಪತ್ರ ಈಗಲೂ ಬೀರುವಿನಲ್ಲಿದೆ.

ಮೊನ್ನೆ ಇವರು ಚಾರ್ಜರು ತರಲು ಒಳಗೆ ಹೋದಾಗ ಅವರ ಮನೆಯವರು ನನಗೆ ಕಾಫಿ ಕೊಡುತ್ತ ಮೆಲ್ಲಗೆ ಹೇಳಿದರು: ‘ನಮ್ಮ ತಂದೆ ಮನೇಲಿ ಆಗ ಟೇಪ್ ರೆಕಾರ್ಡರೇ ಇರಲಿಲ್ಲ. ಇವರಿಗಿನ್ನೂ ಗೊತ್ತಿಲ್ಲ, ಹೇಳಿಗೀಳೀರಿ ಮತ್ತೆ.’

ಕಳೆದ ಗಣೇಶೋತ್ಸವದಲ್ಲಿ ವಿ.ವಿ. ಮೊಹಲ್ಲಾದ 8ನೇ ಕ್ರಾಸಿನ ಚಪ್ಪರಕ್ಕೆ ನಾವೆಲ್ಲ ಹೋಗಿದ್ದೆವು. ಅಲ್ಲಿನ ಕಛೇರಿಗಳಿಗೆ ಮೈಸೂರು ಜನ ಹೇಗೆ ಬರುತ್ತಾರೆಂದು ಬಲ್ಲವರಿಗೆ ಹೇಳಬೇಕಿಲ್ಲ. ವೇದಿಕೆಯ ಮೇಲೆ ಹಿಂದೋಳ ಸೊಗಸಾಗಿ ಸಾಗಿತ್ತು. ಶ್ರವಣಕುಮಾರರು ತುಸು ಹೊತ್ತು ತಾಳಿಕೊಂಡರು. ಆಮೇಲೆ ಫೋನು ಹೊರಬಂತು, ನನ್ನ ಕಿವಿಗೊಂದು ಇಯರ್‌ಬಡ್ ಬಂತು. ಅವರ ಪಿಸುಮಾತು ಮೂರು ಸಾಲಿಗೆ ಕೇಳುವಂಥದ್ದು. ಮುಂದಿನ ಸಾಲಿನಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಿದ್ದ ಹಿರಿಯರೊಬ್ಬರು ಸರ್ರನೆ ತಿರುಗಿದರು.

‘ಸ್ವಾಮೀ, ಅಲ್ಲಿ ಹಾಡ್ತಾ ಇದಾರೆ, ಕಾಣಲ್ವೆ?’

‘ಕಾಣುತ್ತೆ ಸಾರ್. ಚೆನ್ನಾಗೇ ಹಾಡ್ತಾ ಇದಾರೆ. ನಮ್ಮ ಹಿಂದೋಳ, ಅವರ ಮಾಲ್‌ಕೌಂಸ್. ಎರಡರಲ್ಲೂ ರಿಷಭ ಪಂಚಮ ಬರಲ್ಲ, ಸರೀನಾ? ಇಲ್ಲಿ ನೋಡಿ, ಮನ್ಸೂರರ ಸಂಪೂರ್ಣ ಮಾಲ್‌ಕೌಂಸ್. ರಿಷಭಾನೂ ಇದೆ, ಪಂಚಮಾನೂ ಇದೆ, ಆದ್ರೂ ಮಾಲ್‌ಕೌಂಸೇ!’

‘ಅದ್ಹೇಗೆ ಸಾಧ್ಯ?’ ಹಿರಿಯರ ಹುಬ್ಬು ಕೇಳದೆಯೇ ಏರಿತು. ನನ್ನ ಕಿವಿಯ ಇಯರ್‌ಬಡ್ ಅವರ ಕಿವಿಗೆ ದಾಟಿತು. ಕಛೇರಿ ಮುಗಿಯುವ ಹೊತ್ತಿಗೆ ಇಬ್ಬರೂ ನಂಬರು ಬದಲಾಯಿಸಿಕೊಂಡಿದ್ದರು.

ಮಾರನೆಯ ಬೆಳಗ್ಗೆ ಐದಕ್ಕೆ ಎಂದಿನಂತೆ ‘ಟಿಂಗ್’. ಶ್ರವಣಕುಮಾರರ ಭೈರವ ಬಂದಿತ್ತು. ಅದರ ಹಿಂದೆಯೇ ಗುಂಪಿಗೆ ಹೊಸದಾಗಿ ಸೇರಿದ ಹಿರಿಯರ ಸಂದೇಶ: ‘ಕೇಳಿದೆ. ಪರವಾಗಿಲ್ಲ. ಇದರ ಮೂಲ ಕೇಳಿದ್ದೀರಾ?’ ಕೆಳಗೊಂದು ಲಿಂಕು, ಒಂದು ಗಂಟೆ ಐವತ್ತು ನಿಮಿಷದ್ದು.

ಎರಡೇ ನಿಮಿಷಕ್ಕೆ ಶ್ರವಣಕುಮಾರರ ಉತ್ತರ ಬಂತು. ‘ಅದ್ಭುತ!’ ಜೊತೆಗೆ ಕೈಮುಗಿದ ಚಿತ್ರ, ಎರಡು.