ಉಪ್ಪು ತಿಂದ ಕುದುರೆ

ಡೆಟ್ರಾಯಿಟ್ ನಿಂತಿರುವುದು ಕಾರುಗಳ ಮೇಲೆ ಎನ್ನುತ್ತಾರೆ. ಸುಳ್ಳು. ಅದು ನಿಂತಿರುವುದು ಉಪ್ಪಿನ ಮೇಲೆ. ಊರಿನ ಕೆಳಗೆ ಸುಮಾರು 1,200 ಅಡಿ ಆಳದಲ್ಲಿ 1,500 ಎಕರೆಯಷ್ಟು ಹಬ್ಬಿದ ಉಪ್ಪಿನ ಗಣಿಯಿದೆ. ಸುಮಾರು ನಲವತ್ತು ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಕಡಲು ಬತ್ತುವಾಗ ಬಿಟ್ಟುಹೋದ ಆಸ್ತಿ ಅದು. ಗಣಿಯೊಳಗೆ ನೂರು ಮೈಲಿ ಉದ್ದದ ರಸ್ತೆಗಳಿವೆಯಂತೆ. ಅಲ್ಲಿ ಓಡುವ ಲಾರಿಗಳನ್ನು ಬಿಡಿಭಾಗಗಳಾಗಿ ಇಳಿಸಿ ಕೆಳಗೇ ಜೋಡಿಸುತ್ತಾರೆ. ಚಳಿಗಾಲ ಶುರುವಾದರೆ ಈ ಪಾತಾಳದ ಸಂಪತ್ತು ಭೂಲೋಕಕ್ಕೆ ಬಂದು ರಸ್ತೆಗೆ ಬೀಳುತ್ತದೆ, ರಸ್ತೆಯಿಂದ ಹಾರಿ ನನ್ನ ಕಾರಿನ ಹೊಟ್ಟೆಗೆ ಅಂಟುತ್ತದೆ. ಕಾರು ಹೆತ್ತ ಊರೇ ಕಾರು ತಿನ್ನುವ ಮದ್ದನ್ನೂ ನೆಲಮಾಳಿಗೆಯಲ್ಲಿ ದಾಸ್ತಾನು ಇಟ್ಟುಕೊಂಡಿದೆ. ಹೊಸ ಕಾರು ಮಾರುವವರಿಗೆ ಇದರಿಂದ ಬೇಸರವೇನೂ ಆದಂತಿಲ್ಲ.

ಉಪ್ಪು ನನಗೆ ಹೊಸತಲ್ಲ. ನಾನು ಗೋಕರ್ಣದ ಕಡೆಯವನು. ಸಾಣಿಕಟ್ಟೆಯ ಉಪ್ಪಿನ ಆಗರ ನೋಡುತ್ತಲೇ ಬೆಳೆದವನು. ನಮ್ಮ ಕಡೆ ಸೈಕಲ್ಲಿನ ರಿಮ್ಮು, ಕಿಟಕಿಯ ಸರಳು, ಗೇಟಿನ ಚಿಲಕ ಯಾವುದೂ ಮುಪ್ಪಿನವರೆಗೆ ಬಾಳಿದ್ದಿಲ್ಲ. ಪಕ್ಕದ ಅಂಕೋಲೆಯಲ್ಲಿ 1930ರ ಏಪ್ರಿಲ್‌ನಲ್ಲಿ ಜನ ಸಮುದ್ರದ ನೀರು ಕಾಯಿಸಿ ಹಿಡಿ ಉಪ್ಪು ಮಾಡಿದ್ದಕ್ಕೆ ಸರಕಾರ ಲಾಠಿ ಹಿಡಿದು ಬಂತು. ಆ ನೆಲದಲ್ಲಿ ಹುಟ್ಟಿದ ನಾನು ಮಿಶಿಗನ್ನಿನಲ್ಲಿ ಸರಕಾರವೇ ಟನ್ನುಗಟ್ಟಲೆ ಉಪ್ಪನ್ನು ಪುಕ್ಕಟೆಯಾಗಿ ಬೀದಿಗೆ ಸುರಿಯುವುದನ್ನು ಕಂಡು ಹಲ್ಲು ಕಡಿಯುತ್ತೇನೆ. ಹಿರಿಯರು ಕ್ಷಮಿಸಬೇಕು.

ಹಲ್ಲು ಕಡಿಯಲು ಕಾರಣ 1998ರ ಮಸ್ಟ್ಯಾಂಗ್ ಜಿಟಿ. 4.6 ಲೀಟರಿನ ವಿ-8 ಎಂಜಿನ್ನು, 225 ಅಶ್ವಶಕ್ತಿ, ಕೈಯಲ್ಲಿ ಹಾಕುವ ಗೇರು. ಡಿಯರ್‌ಬಾರ್ನ್‌ನಲ್ಲಿ, ಈಗ ನಾನಿರುವಲ್ಲಿಂದ ಅರ್ಧ ತಾಸಿನ ದಾರಿಯಲ್ಲಿ ತಯಾರಾದದ್ದು. ಮೂತಿಯ ಮೇಲೆ ಓಡುವ ಕುದುರೆಯ ಲಾಂಛನವಿದೆ. ಆ ಅಷ್ಟೂ ಅಶ್ವಗಳು ದುಡಿಯುವುದು ಹಿಂದಿನ ಎರಡು ಚಕ್ರಗಳ ಮೂಲಕ. ಎಂಜಿನ್ನಿನ ಭಾರವೆಲ್ಲ ಮುಂದೆ, ತಳ್ಳುವ ಕೆಲಸವೆಲ್ಲ ಹಿಂದೆ. ಒಣ ರಸ್ತೆಯಲ್ಲಿ ಇದಕ್ಕಿಂತ ಸುಖವಿಲ್ಲ. ಹಿಮದ ಮೇಲೆ ಮಾತ್ರ ಭಾರವಿಲ್ಲದ ಹಿಂಭಾಗಕ್ಕೆ ಸ್ವತಂತ್ರ ವಿಚಾರಗಳು ಹುಟ್ಟುತ್ತವೆ. ನೀವು ಎಡಕ್ಕೆ ತಿರುಗಿಸಿದರೆ ಮೂತಿ ಎಡಕ್ಕೆ ಹೋಗುತ್ತದೆ, ಬಾಲ ಬಲಕ್ಕೆ ಹೋಗಿ ನಿಮ್ಮನ್ನು ಓವರ್‌ಟೇಕ್ ಮಾಡಲು ನೋಡುತ್ತದೆ. ಆಗ ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆದು, ಬಾಲ ಹೋದ ಕಡೆಗೇ ಸ್ಟಿಯರಿಂಗ್ ತಿರುಗಿಸಿ, ಹೋಗಬೇಕಾದ ದಿಕ್ಕನ್ನೇ ನೋಡುತ್ತಿರಬೇಕು. ಬ್ರೇಕು ತುಳಿಯಕೂಡದು, ಕಿರುಚಕೂಡದು. ಎರಡನೆಯದು ಪಕ್ಕದ ಸೀಟಿನವರಿಗೂ ಅನ್ವಯಿಸುತ್ತದೆ ಎಂದು ಹೆಂಡತಿಗೆ ವಿನಂತಿ ಮಾಡಿಕೊಂಡಿದ್ದೇನೆ.

ಬಾಲ ಸರಿದು, ತಡೆದು, ಮತ್ತೆ ಸರಳ ರೇಖೆಗೆ ಬರುವ ಆ ಒಂದು ಕ್ಷಣ ಇದೆಯಲ್ಲ, ಅದಕ್ಕಾಗಿಯೇ ಈ ಕಾರು. ಖಾಲಿ ಮೈದಾನದಲ್ಲಿ, ಬೆಳಗಿನ ಐದಕ್ಕೆ, ಯಾರೂ ನೋಡದಿರುವಾಗ ಐವತ್ತರ ಗಂಡಸು ಹಿಮದಲ್ಲಿ ಎಂಟರ ಆಕಾರ ಬರೆಯುತ್ತಿದ್ದರೆ ಅವನನ್ನು ಮಾತನಾಡಿಸಬೇಡಿ.

ಮಾತನಾಡಿಸುವವರಿಗೆ ಬರವಿಲ್ಲ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಎತ್ತರದ ಗಾಡಿ ಕೊಂಡವರೆಲ್ಲ ಈ ನಾಡಿನಲ್ಲಿ ಹಿಮಶಾಸ್ತ್ರದ ಪಂಡಿತರು. 'ಸಾರ್, ಇನ್ನೂ ಇದೇ ಇಟ್ಕೊಂಡಿದೀರಾ? ಫ್ಯಾಮಿಲಿ ಬೇರೆ ಇದೆ' ಎಂದು ಕನಿಕರಿಸುತ್ತಾರೆ. ಹೊರಡುವಾಗ ಅವರಿಗೆ ನಾಲ್ಕು ಚಕ್ರದ ಬಲವಿದೆ, ಒಪ್ಪೋಣ. ನಿಲ್ಲುವಾಗ ಎಲ್ಲರಿಗೂ ನಾಲ್ಕೇ ಚಕ್ರದ ಬ್ರೇಕು, ಬಡವನಿಗೂ ಬಲ್ಲಿದನಿಗೂ. ಮೊದಲ ಹಿಮ ಬಿದ್ದ ಬೆಳಿಗ್ಗೆ ಹೈವೇ ಪಕ್ಕದ ಹಳ್ಳದಲ್ಲಿ ತಲೆಕೆಳಗಾಗಿ ಬಿದ್ದಿರುವುದು ಹೆಚ್ಚಾಗಿ ಇವರ ಗಾಡಿಗಳೇ. ಏಳು ಡಿಗ್ರಿಗಿಂತ ಕೆಳಗೆ ಸಾಮಾನ್ಯ ಟೈರಿನ ರಬ್ಬರು ಬಿರುಸಾಗುತ್ತದೆ, ಚಳಿಗಾಲದ ಟೈರು ಹಾಕಿ ಎಂದರೆ 'ನಮ್ಮದು ಆಲ್‌ವೀಲ್ ಸಾರ್' ಎಂಬ ಉತ್ತರ. ನಾನು ಚಳಿಗಾಲದ ಟೈರು ಹಾಕುತ್ತೇನೆ, ಡಿಕ್ಕಿಯಲ್ಲಿ ಮರಳು ಮೂಟೆ ಇಡುತ್ತೇನೆ, ಎರಡನೇ ಗೇರಿನಲ್ಲಿ ಹೊರಡುತ್ತೇನೆ. ಇಷ್ಟು ವಿನಯ ನನ್ನ ಜೀವನದ ಬೇರೆ ಯಾವ ವಿಭಾಗದಲ್ಲೂ ಇಲ್ಲ.

ಒಂದು ವರ್ಷದ ಸಂಕ್ರಾಂತಿಗೆ ಮರಳು ಮೂಟೆ ಇರಲಿಲ್ಲ. ಹೂವಿನ ಬುಟ್ಟಿಗಳಿಗೆ ಜಾಗ ಬೇಕೆಂದು ಮನೆಯಲ್ಲೇ ಇಳಿಸಲಾಗಿತ್ತು. ಯಾರು ಇಳಿಸಿದರು ಎಂಬುದನ್ನು ಕರ್ಮಣಿ ಪ್ರಯೋಗದಲ್ಲೇ ಬಿಡುವುದು ಕುಟುಂಬಕ್ಕೆ ಕ್ಷೇಮ. ಕನ್ನಡ ಬಳಗದ ಕಾರ್ಯಕ್ರಮ ದಿಬ್ಬದ ಮೇಲಿನ ಒಂದು ಶಾಲೆಯಲ್ಲಿ. ಹೊರಗೆ ಸೊನ್ನೆಗಿಂತ ಹದಿನೇಳು ಡಿಗ್ರಿ ಕೆಳಗೆ. ಏರುದಾರಿ ಒಂದೇ, ಅದೂ ಇಕ್ಕಟ್ಟು. ಅರ್ಧ ಏರುವಷ್ಟರಲ್ಲಿ ಹಿಂಚಕ್ರಗಳು ಜಾರಿ ಸುಮ್ಮನೆ ಸುತ್ತತೊಡಗಿದವು. ಆಮೇಲೆ ಕಾರು ಗೋಕರ್ಣದ ಮಹಾರಥ ತಿರುವಿನಲ್ಲಿ ಹೊರಳುವಷ್ಟು ಗಾಂಭೀರ್ಯದಿಂದ, ಒಂದೊಂದೇ ಅಂಗುಲ, ಬಾಲವನ್ನು ಬದಿಗೆ ಸರಿಸುತ್ತ ಹೋಗಿ ದಾರಿಗೆ ಅಡ್ಡವಾಗಿ ಪವಡಿಸಿತು. ವೇಗ ಎಷ್ಟು ಕಡಿಮೆಯೆಂದರೆ, ಪಕ್ಕದ ಕಾಲುದಾರಿಯಲ್ಲಿ ರೇಷ್ಮೆ ಸೀರೆಯ ಮೇಲೆ ದಪ್ಪ ಕೋಟು ಹಾಕಿ ನಡೆಯುತ್ತಿದ್ದ ಅಜ್ಜಿಯೊಬ್ಬರು ಕಿಟಕಿಯಲ್ಲಿ ಹೆಂಡತಿಯನ್ನು ಗುರುತಿಸಿ, 'ಏನಮ್ಮಾ, ಚೆನ್ನಾಗಿದೀಯಾ?' ಎಂದು ಕೇಳಿ, ಉತ್ತರ ಪಡೆದು, ಮುಂದೆ ಹೋದರು. ನಾವಿನ್ನೂ ತಿರುಗುತ್ತಲೇ ಇದ್ದೆವು.

ಹಿಂದೆ ಕಾರುಗಳ ಸಾಲು ಬೆಳೆಯಿತು. ಸಾಲಿನ ಮೊದಲನೆಯದು ಊಟದ ವ್ಯಾನು. ಕನ್ನಡಿಗರು ಇಳಿದು ಬಂದರು. ಡೆಟ್ರಾಯಿಟ್ ಕನ್ನಡಿಗರೆಂದರೆ ಹತ್ತರಲ್ಲಿ ಆರು ಜನ ಕಾರು ಎಂಜಿನಿಯರುಗಳು. ಉಳಿದ ನಾಲ್ವರಿಗೆ ಅಭಿಪ್ರಾಯಗಳಿರುತ್ತವೆ. ಪಂಚೆ ಎತ್ತಿ ಕಟ್ಟಿದ, ಕೆಳಗೆ ಉಣ್ಣೆಯ ಪೈಜಾಮ ಕಾಣುತ್ತಿದ್ದ ಒಬ್ಬರು ಚಕ್ರದ ಮುಂದೆ ಕೂತು ಉಪ್ಪು ಬೇಕು ಎಂದು ತೀರ್ಪು ಕೊಟ್ಟರು. ಜೀವನವಿಡೀ ಉಪ್ಪಿಗೆ ಶಾಪ ಹಾಕಿದ ನಾನು ಅಡಿಗೆ ಸಮಿತಿಯ ಮುಂದೆ ಕೈಯೊಡ್ಡಿ ನಿಂತೆ. 'ಮಜ್ಜಿಗೆಗೆ ಇಟ್ಟಿರೋದು ಇದೊಂದೇ ಪ್ಯಾಕೆಟ್ಟು' ಎಂದು ಸಮಿತಿಯ ಅಕ್ಕ ಅದನ್ನು ಎದೆಗವಚಿಕೊಂಡರು. ಆಗ ಮತ್ತೊಬ್ಬರು, ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿದರೆ ಉಪ್ಪಿನಿಂದ ಹೆಚ್ಚು ಉಪಯೋಗವಿಲ್ಲ, ಇಪ್ಪತ್ತೊಂದಕ್ಕಂತೂ ಅದರ ಆಟವೇ ಮುಗಿಯುತ್ತದೆ ಎಂದರು. ಹಾಗಾದರೆ ಬೀಟ್ ರಸ, ಎಂದರು ಮೂರನೆಯವರು. ಸಕ್ಕರೆ ಬೀಟ್‌ನಿಂದ ಸಕ್ಕರೆ ತೆಗೆದ ಮೇಲೆ ಕಾರ್ಖಾನೆಯಲ್ಲಿ ಮಿಕ್ಕ ರಸವನ್ನು ಉಪ್ಪುನೀರಿಗೆ ಬೆರೆಸಿ ರಸ್ತೆಗೆ ಸಿಂಪಡಿಸುವುದು ಇಲ್ಲಿ ಉಂಟು. ಬೀಟ್ ಇರಲಿಲ್ಲ. ಒಂದು ನಿಮಿಷ ಎಲ್ಲರೂ ಮೌನ. ಆಮೇಲೆ ಎಲ್ಲರ ಕಣ್ಣೂ ನಿಧಾನವಾಗಿ ನನ್ನ ಹೆಂಡತಿಯ ಮಡಿಲಲ್ಲಿದ್ದ ಎಳ್ಳು ಬೆಲ್ಲದ ಡಬ್ಬಿಯ ಮೇಲೆ ನೆಟ್ಟವು. 'ಬೆಲ್ಲದಲ್ಲೂ ಸಕ್ಕರೆ ಅಂಶವೇ ಅಲ್ವಾ...' ಎಂದು ಪಂಚೆಯವರು ತೊಡಗಿದರು. ಅವಳು ಕಿಟಕಿಯ ಗಾಜು ಏರಿಸಿದಳು.

ಕೊನೆಗೆ ದಾರಿ ತೋರಿಸಿದ್ದು ಬಿಸಿಬೇಳೆಬಾತು. ಹಿಂಚಕ್ರದ ಮೇಲೆ ಭಾರ ಬೇಕು, ವ್ಯಾನಿನಲ್ಲಿ ಎರಡು ದಬರಿ ತುಂಬ ಊಟವಿದೆ, ಎರಡೂ ಮೇಲಕ್ಕೇ ಹೋಗಬೇಕು. ನಾಲ್ಕು ಜನ ಹಿಡಿದು ನನ್ನ ಡಿಕ್ಕಿಗೆ ಇಳಿಸಿದರು. ಎಡಕ್ಕೆ ಬಿಸಿಬೇಳೆಬಾತು, ಬಲಕ್ಕೆ ಸಿಹಿ ಪೊಂಗಲ್. ಸಮತೋಲದ ಬಗ್ಗೆ ಚರ್ಚೆಯಾಯಿತು. ತುಪ್ಪ ಬಿದ್ದದ್ದರಿಂದ ಪೊಂಗಲ್ ಹೆಚ್ಚು ಭಾರ ಎಂದು ಒಂದು ಪಕ್ಷ, ಬೇಳೆಯ ಸಾಂದ್ರತೆ ಮರೆಯಬೇಡಿ ಎಂದು ಇನ್ನೊಂದು. ಇನ್ನಷ್ಟು ತೂಕ ಬೇಕಾದಾಗ ಬಳಗದ ಖಜಾಂಚಿಗಳು, ನಿಜವಾಗಿಯೂ ತೂಕದ ಮನುಷ್ಯರು, ಡಿಕ್ಕಿಯ ಅಂಚಿನಲ್ಲಿ ಕೂತು ಎರಡೂ ದಬರಿಗಳನ್ನು ತಬ್ಬಿಕೊಂಡರು. ಉಳಿದವರು ಮೂತಿಯನ್ನು ತಳ್ಳಿ ನೇರ ಮಾಡಿದರು. ಎರಡನೇ ಗೇರು, ಉಸಿರು ಬಿಗಿಹಿಡಿದ ಪಾದ. ಚಕ್ರಗಳು ಒಮ್ಮೆ ಯೋಚಿಸಿ ನೆಲ ಕಚ್ಚಿದವು. ತೆರೆದ ಡಿಕ್ಕಿಯಿಂದ ಹಬೆ ಏಳುತ್ತ, ಖಜಾಂಚಿಗಳು ಹಿಮ್ಮುಖವಾಗಿ ಜನರತ್ತ ಕೈ ಬೀಸುತ್ತ, ವಿ-8 ಗುಡುಗುತ್ತ ನಾವು ದಿಬ್ಬ ಏರಿದೆವು. ಪ್ರಾರ್ಥನೆ ಮುಗಿದಿತ್ತು, ಊಟ ತಪ್ಪಲಿಲ್ಲ. ಡಿಕ್ಕಿಯ ಕಾರ್ಪೆಟ್ಟಿನಲ್ಲಿ ಇಂದಿಗೂ ಇಂಗಿನ ವಾಸನೆಯಿದೆ.

ಈ ಸಾಹಸಗಳ ಬಿಲ್ಲು ಬರುವುದು ಮಾರ್ಚಿನಲ್ಲಿ. ಒಣ ಚಳಿಯಲ್ಲಿ ತುಕ್ಕು ನಿದ್ದೆ ಮಾಡುತ್ತದೆ. ಹಿಮ ಕರಗಿ ಉಪ್ಪುನೀರು ಸಂದುಗಳಿಗೆ ಇಳಿದಾಗ ಎದ್ದು ಕೂರುತ್ತದೆ. ಬೆಚ್ಚಗಿನ ಗ್ಯಾರೇಜು ಅದಕ್ಕೆ ತವರುಮನೆ. ಹಾಗಾಗಿ ಉಪ್ಪು ಮೆತ್ತಿದ ಕಾರನ್ನು ಹೊರಗೇ ನಿಲ್ಲಿಸುವುದು ವೈಜ್ಞಾನಿಕ ಎಂದು ಮನೆಯಲ್ಲಿ ವಿವರಿಸಿದೆ. ಮಾರನೆಯ ದಿನದಿಂದ ಹೆಂಡತಿಯ ಕಾರು ಗ್ಯಾರೇಜಿನಲ್ಲಿ, ನನ್ನದು ಬಯಲಲ್ಲಿ. ಊರಿನಿಂದ ಅಮ್ಮ ವಿಡಿಯೊ ಕಾಲಿನಲ್ಲಿ ಎಲ್ಲ ನೋಡಿ, 'ತೆಂಗಿನೆಣ್ಣೆ ಹಚ್ಚಿ ನೋಡಿದ್ಯನ ತಮಾ?' ಎಂದಳು. ನಕ್ಕುಬಿಟ್ಟೆ. ಆದರೆ ಇಲ್ಲಿ ದುಡ್ಡು ಕೊಟ್ಟು ಕಾರಿನ ತಳಕ್ಕೆ ಹೊಡೆಸುವ ಲೆನೋಲಿನ್ ಎಂದರೆ ಕುರಿಯ ಉಣ್ಣೆಯ ಜಿಡ್ಡು. ಕುರಿಗಿಂತ ತೆಂಗು ಕಡಿಮೆಯೇನಲ್ಲ. ಇಲ್ಲಿಯ ಚಳಿಗೆ ಕಲ್ಲಾಗುತ್ತದೆ ಎಂಬುದೊಂದೇ ತೊಂದರೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲ, ಅದಕ್ಕೆ ವಾರವಾರ ಕಾರಿನ ತಳ ತೊಳೆಸುತ್ತೇನೆ. ತೊಳೆದ ನೀರು ಚರಂಡಿಗೆ, ರಸ್ತೆಯ ಉಪ್ಪು ಹಳ್ಳಕ್ಕೆ, ಹಳ್ಳದ್ದು ನದಿಗೆ. ಇಲ್ಲಿಂದ ಉತ್ತರಕ್ಕೆ ಒಂದು ತಾಸು ಹೋದರೆ ಫ್ಲಿಂಟ್. 2014ರ ಏಪ್ರಿಲ್‌ನಲ್ಲಿ ಹಣ ಉಳಿಸಲು ಆ ಊರಿಗೆ ಫ್ಲಿಂಟ್ ನದಿಯ ನೀರು ಬಿಟ್ಟರು. ಅದರಲ್ಲಿ ಕ್ಲೋರೈಡ್ ಹೆಚ್ಚು. ಅಲ್ಲಿಯ ಜನರಲ್ ಮೋಟಾರ್ಸ್ ಎಂಜಿನ್ ಕಾರ್ಖಾನೆಯಲ್ಲಿ ಬಿಡಿಭಾಗಗಳು ತುಕ್ಕು ಹಿಡಿಯತೊಡಗಿದಾಗ ಅದೇ ಅಕ್ಟೋಬರ್‌ನಲ್ಲಿ ಕಾರ್ಖಾನೆಗೆ ಬೇರೆ ನೀರಿನ ವ್ಯವಸ್ಥೆಯಾಯಿತು. ಊರಿನ ಜನ ಅದೇ ನದಿಯ ನೀರನ್ನು ಇನ್ನೊಂದು ವರ್ಷ ಕುಡಿದರು. ಹಳೆಯ ಕೊಳವೆಗಳ ಸೀಸ ಮಕ್ಕಳ ರಕ್ತಕ್ಕೆ ಸೇರಿತು. ಕಬ್ಬಿಣದ ದೂರಿಗೆ ಸಿಕ್ಕ ಕಿವಿ ತಾಯಂದಿರ ದೂರಿಗೆ ಸಿಗಲಿಲ್ಲ. ಕಾರಿನ ತುಕ್ಕಿನ ಬಗ್ಗೆ ನಾನು ಗೋಳಾಡುವಾಗ ಫ್ಲಿಂಟಿನಲ್ಲಿ ಬೆಳೆದ ಸಹೋದ್ಯೋಗಿಯೊಬ್ಬರು ಪಕ್ಕದ ಮೇಜಿನಲ್ಲಿರುತ್ತಾರೆ. ಅವರಿದ್ದಾಗ ಸ್ವರ ತಗ್ಗಿಸುತ್ತೇನೆ.

ಅವರಿಲ್ಲದಾಗ ಗೋಳಾಡುತ್ತೇನೆ. ಈ ಮಾರ್ಚಿನಲ್ಲಿ ಕಾರನ್ನು ಲಿಫ್ಟಿಗೇರಿಸಿ ಮೆಕ್ಯಾನಿಕ್ ಸ್ಕ್ರೂಡ್ರೈವರಿನಿಂದ ತಳವನ್ನು ಮೆಲ್ಲಗೆ ತಟ್ಟಿದ. ಎರಡು ಕಡೆ ಟಣ್ ಎಂದಿತು. ಮೂರನೆಯ ಕಡೆ ಸದ್ದೇ ಬರಲಿಲ್ಲ, ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು. ಮಿಶಿಗನ್ನಿನಲ್ಲಿ ಕಾರುಗಳಿಗೆ ವರ್ಷವರ್ಷದ ತಪಾಸಣೆಯ ಕಾನೂನಿಲ್ಲ, ಆದ್ದರಿಂದ ಓಡಿಸಬಹುದು ಎಂದ. 'ಕೆಳಗೆ ನೋಡಬೇಡಿ, ಅಷ್ಟೇ.'

ಈಗ ರಾತ್ರಿ ಎಲ್ಲರೂ ಮಲಗಿದ ಮೇಲೆ ಅರಿಜೋನಾದ ಜಾಹೀರಾತು ನೋಡುವುದು ರೂಢಿಯಾಗಿದೆ. ಅಲ್ಲಿಯ ಹಳೆಯ ಮಸ್ಟ್ಯಾಂಗುಗಳ ಬಣ್ಣ ಬಿಸಿಲಿಗೆ ಸುಟ್ಟಿರುತ್ತದೆ, ಡ್ಯಾಶ್‌ಬೋರ್ಡು ಸೀಳಿರುತ್ತದೆ, ಆದರೆ ತಳದ ಫೋಟೊ! ಒಂದು ಚುಕ್ಕೆ ತುಕ್ಕಿಲ್ಲ. ಹೆಂಡತಿ ಹಿಂದಿನಿಂದ ಬಂದು ನೋಡಿದಳು.

'ತಂದು ಎಲ್ಲಿ ಓಡಿಸ್ತೀರಿ?'

'ಬೇಸಿಗೇಲಿ ಮಾತ್ರ.'

'ಇದನ್ನ ತರೋವಾಗ್ಲೂ ಹಾಗೇ ಅಂದಿದ್ರಿ.'

ಮಾರುವವನಿಗೆ ಆಗಲೇ ಬರೆದಾಗಿತ್ತು. ಒಳ್ಳೆಯ ಮನುಷ್ಯ, ಕಾರಿನ ಕಥೆಯನ್ನೆಲ್ಲ ಹೇಳಿದ, ಬೆಲೆಯಲ್ಲೂ ಸ್ವಲ್ಪ ಇಳಿದ. ಕೊನೆಯಲ್ಲಿ, ಕಾರು ಯಾವ ಊರಿಗೆ ಹೋಗುತ್ತದೆ ಎಂದು ಕೇಳಿದ. ಡೆಟ್ರಾಯಿಟ್ ಎಂದು ಬರೆದೆ. ಆಮೇಲೆ ಅವನ ಉತ್ತರ ಬಂದಿಲ್ಲ.