ಪರಿವರ್ತಿತ ವಾಹನ ಪ್ರದರ್ಶನ ಮೀಮಾಂಸೆ: ಕೊಡಗನ್ನು ಅನುಲಕ್ಷಿಸಿ

ಕಾರು ಕ್ಲಬ್ಬಿನ ಸದಸ್ಯರು ತಮ್ಮ ‘ಮಾಡಿಫೈಡ್’ ಗಾಡಿಗಳನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸುವ ವಿದ್ಯಮಾನವನ್ನು ಪ್ರಸ್ತುತ ಪ್ರಬಂಧವು ಅಲಂಕಾರಶಾಸ್ತ್ರದ ಚೌಕಟ್ಟಿನಲ್ಲಿ ಅವಲೋಕಿಸುತ್ತದೆ. (ಚೌಕಟ್ಟಿಲ್ಲದೆ ಹೋದರೆ ವಿಚಾರ ಸಂಕಿರಣದಲ್ಲಿ ಊಟದ ಕೂಪನ್ ಕೊಡುವುದಿಲ್ಲ.) ಇಂಥ ವಾಹನಗಳು ಸ್ಥೂಲವಾಗಿ ಐದು ಬಗೆ.

ಒಂದು, ಔನ್ನತ್ಯಪ್ರಧಾನ. ಲಿಫ್ಟ್ ಕಿಟ್ ಹಾಕಿಸಿಕೊಂಡ ಥಾರ್ ಭೂಸಂಬಂಧವನ್ನು ನಿರಾಕರಿಸುತ್ತದೆ. ಮಾಲೀಕನ ತಾಯಿ ಹತ್ತಬೇಕಾದರೆ ಪ್ಲಾಸ್ಟಿಕ್ ಸ್ಟೂಲು ತರಬೇಕು.

ಎರಡು, ಧ್ವನಿಪ್ರಧಾನ. ಕಾವ್ಯಮೀಮಾಂಸಕ ಆನಂದವರ್ಧನನಿಗೆ ಬಾಯಿಬಿಟ್ಟು ಹೇಳದ ಅರ್ಥವೇ, ಅಂದರೆ ಧ್ವನಿಯೇ, ಕಾವ್ಯದ ಜೀವ. ಸೈಲೆನ್ಸರ್ ಬದಲಿಸಿದ ಗಾಡಿ ಎಲ್ಲವನ್ನೂ ಬಾಯಿಬಿಟ್ಟೇ ಹೇಳುತ್ತದೆ, ಮಲಗಿದ ಮಗುವಿಗೂ. ಮಡಿಕೇರಿ ದಸರೆಯಲ್ಲಿ ಪುರಾಣಕಥೆ ಆಡಿ ತೋರಿಸುವ ದಶಮಂಟಪಗಳಲ್ಲೂ ಅಬ್ಬರವಿಲ್ಲವೇ ಎಂದು ಪೂರ್ವಪಕ್ಷದವರು ಕೇಳಿಯಾರು. ಅಲ್ಲಿ ಅಷ್ಟು ಸದ್ದಿಗೆ ಕಡೇಪಕ್ಷ ಒಬ್ಬ ರಾಕ್ಷಸನಾದರೂ ಸಾಯುತ್ತಾನೆ.

ಮೂರು, ವಿರೋಧಾಭಾಸಪ್ರಧಾನ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ನಮೂದಿಸಿದ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸಬಾರದು ಎನ್ನುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹಾಗೆ ಬದಲಾದದ್ದಕ್ಕೇ ಇಲ್ಲಿ ಟ್ರೋಫಿ, ಶಾಲು, ಗಣ್ಯರ ಭಾಷಣ.

ನಾಲ್ಕೂ ಐದೂ ಬರೀ ರಿಮ್ಮು, ಸ್ಟಿಕ್ಕರು. ಬಿಡಿ.

ಮಾರ್ಪಾಡು ಕೊಡಗಿಗೆ ಹೊಸದಲ್ಲ. 1947ರಲ್ಲಿ ಮಹೀಂದ್ರದವರು ವಿಲ್ಲೀಸ್ ಜೀಪು ಜೋಡಿಸಲು ತೊಡಗಿದರು. ಕಾಫಿತೋಟ ಸೇರಿದ ಜೀಪು ಕಂಪನಿ ಕೊಟ್ಟ ರೂಪದಲ್ಲೇ ಉಳಿಯುವುದುಂಟೇ? ಹಿಂದೆ ಎದುರುಬದುರು ಬೆಂಚು ಬಂತು, ಮಳೆಗೆ ಟಾರ್ಪಾಲು ಬಂತು, ಕೆಸರಿಗೆ ಚಕ್ರಕ್ಕೆ ಸರಪಳಿ ಬಿತ್ತು. ಕಾಫಿ ಮೂಟೆ, ಕೂಲಿಯಾಳು, ಹೆರಿಗೆನೋವು ಬಂದ ಹೆಂಗಸು ಎಲ್ಲ ಅದರಲ್ಲೇ. ಅಂಕ ಕೊಡಲು ಯಾವ ತೀರ್ಪುಗಾರನೂ ಬರಲಿಲ್ಲ.

ಈಗಿನ ಪ್ರದರ್ಶನದ ರಾಜ ಸ್ನಾರ್ಕೆಲ್. ಬಾನೆಟ್ಟಿನ ಪಕ್ಕದಿಂದ ಚಾವಣಿಯವರೆಗೆ ಏರಿದ ಕರಿ ಕೊಳವೆ. ಹೊಳೆ ದಾಟುವಾಗ ಎಂಜಿನ್ನು ನೀರು ಕುಡಿಯದೆ ಮೇಲಿಂದ ಗಾಳಿ ಎಳೆದುಕೊಳ್ಳಲಿ ಎಂದು. ಮೊದಲ ಬಹುಮಾನದ ಗಾಡಿಯಲ್ಲಿ ಅದರ ಬಾಯಿಗೆ ಸುತ್ತಿದ ಅಂಗಡಿಯ ಪ್ಲಾಸ್ಟಿಕ್ಕನ್ನೇ ಇನ್ನೂ ಬಿಚ್ಚಿರಲಿಲ್ಲ.

ಇದೇ ಕೊಡಗಿನಲ್ಲಿ 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಮನೆಗಳ ಮೇಲೆ ಜಾರಿದವು. ಮರುವರ್ಷ ಅದೇ ತಿಂಗಳು ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿಯ ದಡದ ಮನೆಗಳಿಗೆ ನುಗ್ಗಿತು. ಜೋರು ಮಳೆ ಹಿಡಿದರೆ ಆ ದಡದವರು ಈಗಲೂ ಗಂಟುಮೂಟೆ ಕಟ್ಟಿ ಪರಿಹಾರ ಕೇಂದ್ರದ ದಾರಿ ಹಿಡಿಯಬೇಕು. ಅವರ ಮನೆ ಮುಳುಗದಂತೆ ತಡೆಯುವ ಯಾವ ಕಿಟ್ಟೂ ಬಂದಿಲ್ಲ. ಕೆಸರು ಕ್ಲಬ್ಬಿನವರಿಗೆ ಅಲಂಕಾರ, ಅವರಿಗೆ ಒಲೆಯೊಳಗೆ ತುಂಬುವ ವಸ್ತು. ಇದಕ್ಕೆ ಯಾವ ರಸ ಎನ್ನಲಿ?

ಗೆದ್ದ ಗಾಡಿಯನ್ನು ಲಾರಿಯ ಮೇಲೇರಿಸಿ ಮನೆಗೆ ಒಯ್ದರು. ದಾರಿಯಲ್ಲಿ ಕೆಸರಿತ್ತಂತೆ.